ಓದಿದರೆ ತಿಳಿಯುವ ಪೋರ್ಚುಗೀಸ್, ಕೇಳಿದರೆ ಏಕೆ ತಿಳಿಯುತ್ತಿಲ್ಲ?

ಪ್ರಶ್ನೆ: ನನಗೆ 41 ವರ್ಷ. ಊರು ಉಡುಪಿ, ಕೆಲಸ ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ. ನನ್ನ ಯಜಮಾನರಿಗೆ ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ ಕೆಲಸ ಸಿಕ್ಕಿದೆ. ಬರುವ ಏಪ್ರಿಲ್‌ನಲ್ಲಿ ನಾನೂ ಮಗನೂ ಹೊರಡುತ್ತೇವೆ. ನಾಲ್ಕು ತಿಂಗಳಿಂದ ದಿನಕ್ಕೆ ಅರ್ಧ ಗಂಟೆ ಮೊಬೈಲ್ ಆ್ಯಪ್‌ನಲ್ಲಿ ಪೋರ್ಚುಗೀಸ್ ಕಲಿಯುತ್ತಿದ್ದೇನೆ. ಓದಿದರೆ ಅರ್ಥವಾಗುತ್ತದೆ, ಬರೆದರೆ ತಪ್ಪು ಕಡಿಮೆ. ಆದರೆ ಕಳೆದ ವಾರ ಲಿಸ್ಬನ್‌ನ ಶಿಕ್ಷಕಿಯೊಬ್ಬರ ಜೊತೆ ವಿಡಿಯೊ ಕರೆಯಲ್ಲಿ ಮಾತನಾಡಿದಾಗ ನನಗೆ ಒಂದು ವಾಕ್ಯವೂ ತಿಳಿಯಲಿಲ್ಲ. ಆ್ಯಪ್‌ನಲ್ಲಿರುವುದು ಬ್ರೆಜಿಲ್‌ನ ಭಾಷೆ ಎಂದು ಅವರೇ ಹೇಳಿದರು. ಹಾಗಾದರೆ ನಾಲ್ಕು ತಿಂಗಳು ನೀರಿನಲ್ಲಿ ಹೋಮವೇ? ಮೊದಲಿನಿಂದ ಶುರು ಮಾಡಬೇಕೇ? ಊರಿನಲ್ಲಿ ಪಕ್ಕದ ಮನೆಯ ಕೊಂಕಣಿ ಹೆಂಗಸು, ನಾವು ‘ಬಾಯಿ’ ಎಂದು ಕರೆಯುವವರು, ‘ನಮ್ಮ ಕೊಂಕಣಿ ಇದ್ದ ಹಾಗೆಯೇ, ಒಂದು ತಿಂಗಳಲ್ಲಿ ಬರುತ್ತದೆ’ ಎನ್ನುತ್ತಾರೆ. ಕಚೇರಿಯಲ್ಲಿ ಒಬ್ಬರು ಮೊದಲು ಸ್ಪ್ಯಾನಿಷ್ ಕಲಿಯಿರಿ ಎನ್ನುತ್ತಾರೆ. ಮೇಜಿಗೂ ಕಿಟಕಿಗೂ ಲಿಂಗವಿರುವುದು, ‘ಇರು’ ಎಂಬುದಕ್ಕೆ ಎರಡು ಕ್ರಿಯಾಪದಗಳಿರುವುದು ತಲೆಗೆ ಹತ್ತುತ್ತಿಲ್ಲ. ಈ ವಯಸ್ಸಿನಲ್ಲಿ ನಾಲಿಗೆ ತಿರುಗುತ್ತದೆಯೇ? ಮುಂದಿನ ತಿಂಗಳು ಪೋರ್ಟೊದ ಮನೆ ಮಾಲೀಕರು ಫೋನ್ ಮಾಡುತ್ತಾರಂತೆ. ಏನೆಂದು ಶುರು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ಪೋರ್ಚುಗಲ್‌ನ ಕೊಯಿಂಬ್ರಾ ನೆನಪಾಯಿತು. ಭಾಷೆ ಕಲಿಯಲೆಂದೇ ಆ ಊರಿಗೆ ಹೋದವನು ನಾನು. ಹೋಗುವ ಮೊದಲು ಎರಡು ವರ್ಷ ವ್ಯಾಕರಣವನ್ನು ಅರೆದು ಕುಡಿದಿದ್ದೆ. ಕೋಣೆ ಬಾಡಿಗೆಗೆ ಕೊಟ್ಟ ಅಜ್ಜಿ ದಿನಾ ಬೆಳಗ್ಗೆ ನನ್ನ ಮುಂದೆ ಕಾಫಿ ಇಟ್ಟು ‘ಶ್ತಾ ಬೋಂ?’ ಎಂದು ಕೇಳುತ್ತಿದ್ದರು. ‘ಬೋಂ’ ಎಂದರೆ ಚೆನ್ನಾಗಿರುವುದು, ಅದು ಗೊತ್ತಿತ್ತು. ‘ಶ್ತಾ’ ಏನು? ನಿಘಂಟಿನಲ್ಲಿ ‘ಶ’ ಧ್ವನಿ ಬರಬಹುದಾದ ಎಕ್ಸ್ ಮತ್ತು ಸಿಎಚ್ ಪುಟಗಳನ್ನೆಲ್ಲ ತಿರುವಿ ಹಾಕಿದೆ. ಅಂಥ ಪದವೇ ಇಲ್ಲ. ಎರಡು ವಾರವಾದ ಮೇಲೆ ನಾಚಿಕೆ ಬಿಟ್ಟು ಕೇಳಿದಾಗ ಆಕೆ ಬ್ರೆಡ್ಡಿನ ಪೊಟ್ಟಣದ ಕಾಗದದ ಮೇಲೆ ಬರೆದು ತೋರಿಸಿದರು. ‘ಎಸ್ತಾ’. ಅಂದರೆ ‘ಇದೆ’. ನಾನು ಮೊದಲ ವಾರದಲ್ಲೇ ಬಾಯಿಪಾಠ ಮಾಡಿದ್ದ ಪದ! ಬರೆಯುವಾಗ ಇದ್ದ ‘ಎ’ಯನ್ನು ಅಜ್ಜಿ ನುಂಗಿ, ‘ಸ’ವನ್ನು ‘ಶ’ ಮಾಡಿ ಉಳಿದದ್ದನ್ನು ನನ್ನ ಕಿವಿಗೆ ಬಿಟ್ಟಿದ್ದರು.

ನಿಮಗೆ ವಿಡಿಯೊ ಕರೆಯಲ್ಲಿ ಆದದ್ದೂ ಇಷ್ಟೇ. ಪದಗಳು ನಿಮಗೆ ಗೊತ್ತಿದ್ದವೇ; ಅವು ವೇಷ ಬದಲಿಸಿಕೊಂಡು ಬಂದಿದ್ದವು. ನಿಮ್ಮ ಪತ್ರದಲ್ಲಿ ಆರೇಳು ಚಿಂತೆಗಳಿವೆ. ಅವುಗಳಲ್ಲಿ ನಿಜವಾದ ಅಡ್ಡಿ ಒಂದೇ, ಈ ನುಂಗುವಿಕೆ. ಉಳಿದವು ಬಿಡಿಸಬಹುದಾದ ಗಂಟುಗಳು, ಕೆಲವಂತೂ ಗಂಟುಗಳೇ ಅಲ್ಲ.

ಕನ್ನಡದಲ್ಲಿ ನಾವು ಪ್ರತಿ ಅಕ್ಷರಕ್ಕೂ ಅದರ ಪಾಲನ್ನು ಕೊಡುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬ್ರೆಜಿಲ್‌ನವರ ಪೋರ್ಚುಗೀಸ್ ಈ ಲೆಕ್ಕಕ್ಕೆ ಹತ್ತಿರ. ಸ್ವರಗಳು ಬಾಯಿ ತುಂಬ ಬರುತ್ತವೆ, ಆದ್ದರಿಂದ ನಮಗೆ ಬೇಗ ಹಿಡಿಸುತ್ತದೆ. ಪೋರ್ಚುಗಲ್‌ನಲ್ಲಿ ಹಾಗಲ್ಲ. ಪದದ ಒಂದು ಅಕ್ಷರದ ಮೇಲೆ ಒತ್ತು ಬೀಳುತ್ತದೆ, ಮಿಕ್ಕ ಸ್ವರಗಳು ಅದಕ್ಕೆ ಬಲಿ. ಒತ್ತಿಲ್ಲದ ‘ಎ’ ಹೆಚ್ಚುಕಡಿಮೆ ಮಾಯವಾಗುತ್ತದೆ, ಒತ್ತಿಲ್ಲದ ‘ಒ’ ಬಹುಮಟ್ಟಿಗೆ ‘ಉ’ ಆಗುತ್ತದೆ, ಒತ್ತಿಲ್ಲದ ‘ಆ’ ನಮ್ಮ ಹ್ರಸ್ವ ‘ಅ’ ಆಗುತ್ತದೆ. ತೆಲೆಫೋನೆ ಎಂದು ಬರೆದದ್ದು ‘ತ್ಲ್‌ಫೋನ್’. ಹುಡುಗ ಎಂಬರ್ಥದ ಮೆನಿನೊ ‘ಮ್ನೀನು’. ಕ್ಷಮಿಸಿ ಎನ್ನುವ ದೆಸ್ಕುಲ್ಪೆ ‘ದ್‌ಶ್‌ಕುಲ್ಪ್’. ನೀವು ಹೋಗುವ ಊರು ಅಲ್ಲಿಯವರ ಬಾಯಲ್ಲಿ ಪೋರ್ಟೊ ಅಲ್ಲ, ‘ಪೋರ್ತು’, ದೇಶ ‘ಪುರ್ತುಗಾಲ್’.

ಇದನ್ನು ಸೋಮಾರಿ ಉಚ್ಚಾರ ಎಂದು ಬೈಯಬೇಡಿ. ಪುಸ್ತಕದಿಂದ ಕನ್ನಡ ಕಲಿತ ವಿದೇಶಿಯೊಬ್ಬ ಮಂಡ್ಯದ ಬಸ್ ನಿಲ್ದಾಣದಲ್ಲಿ ನಿಂತನೆನ್ನಿ. ‘ಮಾಡುತ್ತೇನೆ’ ಎಂಬುದರ ನಡುವಿನ ‘ಉ’ಕಾರ ಅವನ ಕಿವಿಗೆ ಸಿಗುವುದೇ ಇಲ್ಲ, ನಾವು ಅದನ್ನು ಎಂದೋ ನುಂಗಿ ಜೀರ್ಣಿಸಿಕೊಂಡಿದ್ದೇವೆ. ಅವನ ಪಾಡೇ ಈಗ ನಿಮ್ಮದು.

ನಾಲಿಗೆಗೆ ಮೊದಲು ಕಿವಿಗೆ ಕೆಲಸ ಕೊಡಿ ಎನ್ನುವುದು ಇದಕ್ಕೇ. ನನ್ನ ವಿದ್ಯಾರ್ಥಿನಿಯೊಬ್ಬರ ನೋಟ್‌ಬುಕ್ಕಿನ ಪುಟವೊಂದು ಈಗಲೂ ಕಣ್ಣ ಮುಂದಿದೆ. ಒಂದು ನಿಮಿಷದ ಧ್ವನಿಮುದ್ರಣದ ಪಠ್ಯವನ್ನು ಸಾಲು ಬಿಟ್ಟು ಬರೆದುಕೊಂಡಿದ್ದರು. ಮೊದಲ ಸಲ ಕೇಳುತ್ತ ಒತ್ತು ಬೀಳುವ ಅಕ್ಷರಗಳ ಕೆಳಗೆ ಗೆರೆ. ಎರಡನೇ ಸಲ, ಕೇಳಿಸದೇ ಹೋದ ಸ್ವರಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೀಟು. ಪುಟವೆಲ್ಲ ರಕ್ತಸಿಕ್ತ! ಮೂರನೇ ಸಲ, ಉಳಿದ ಅಕ್ಷರಗಳನ್ನಷ್ಟೇ ಓದುತ್ತ ಧ್ವನಿಯ ಜೊತೆ ಓಟ. ದಿನಕ್ಕೆ ಒಂದೇ ನಿಮಿಷದ ತುಣುಕು, ಆದರೆ ಅದನ್ನೇ ಹದಿನೈದು ಸಲ. ಮೂರನೇ ವಾರದ ಹೊತ್ತಿಗೆ ರೇಡಿಯೊ ವಾರ್ತೆಯಲ್ಲಿ ಅರ್ಧದಷ್ಟು ಪದಗಳು ಅವರಿಗೆ ಬಿಡಿಬಿಡಿಯಾಗಿ ಕೇಳಿಸತೊಡಗಿದವು. ಅರ್ಥವಾಯಿತು ಎನ್ನುತ್ತಿಲ್ಲ, ಕೇಳಿಸಿತು ಎನ್ನುತ್ತಿದ್ದೇನೆ. ಕೇಳಿಸಿದ ಮೇಲೆ ಅರ್ಥಕ್ಕೆ ನಿಘಂಟು ಇದೆ.

ಒತ್ತು ಎಲ್ಲಿ ಬೀಳುತ್ತದೆಂದು ಊಹಿಸಬೇಕಾಗಿಲ್ಲ, ಬರವಣಿಗೆಯೇ ಹೇಳುತ್ತದೆ. ಪದ ‘ಅ’, ‘ಎ’, ‘ಒ’ಗಳಲ್ಲಿ ಮುಗಿದರೆ ಸಾಮಾನ್ಯವಾಗಿ ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು, ‘ಇ’, ‘ಉ’ ಸ್ವರಗಳಲ್ಲಿ ಅಥವಾ ಎಲ್, ಆರ್, ಜ಼ೆಡ್ ಅಕ್ಷರಗಳಲ್ಲಿ ಮುಗಿದರೆ ಕೊನೆಯ ಅಕ್ಷರಕ್ಕೆ. ಈ ನಿಯಮ ಮುರಿಯುವ ಪದಗಳ ನೆತ್ತಿಯ ಮೇಲೆ ಗುರುತು ಹಾಕಿರುತ್ತಾರೆ. ಆ ಗುರುತು ಅಲಂಕಾರವಲ್ಲ. ‘ಸಬೀಅ’ ಎಂದರೆ ‘ಗೊತ್ತಿತ್ತು’, ‘ಸಾಬಿಅ’ ಎಂದರೆ ಜ್ಞಾನಿಯಾದ ಹೆಂಗಸು, ‘ಸಬಿಆ’ ಬ್ರೆಜಿಲ್‌ನ ಒಂದು ಹಾಡುಹಕ್ಕಿ. ಬರವಣಿಗೆಯಲ್ಲಿ ಮೂರಕ್ಕೂ ಅವೇ ಐದು ಅಕ್ಷರ. ಅಜ್ಜ, ಅಜ್ಜಿಯರದಂತೂ ಇನ್ನೂ ನಾಜೂಕು. ‘ಅವೋ’ ಎನ್ನುವಾಗ ತುಟಿ ದುಂಡಗೆ ಮುಚ್ಚಿಕೊಂಡರೆ ಅಜ್ಜ. ‘ಆಫೀಸ್’ ಎನ್ನುವಾಗ ಮೊದಲ ಸ್ವರಕ್ಕೆ ತೆರೆಯುವಂತೆ ಬಾಯಿ ತೆರೆದರೆ ಅಜ್ಜಿ. ನಾನು ಕೊಯಿಂಬ್ರಾದ ಆ ಅಜ್ಜಿಯ ಮೊಮ್ಮಗಳ ಮುಂದೆ ‘ನಿನ್ನ ಅಜ್ಜ ಚೆನ್ನಾಗಿ ಅಡುಗೆ ಮಾಡುತ್ತಾರೆ’ ಎಂದು ತಿಂಗಳುಗಟ್ಟಲೆ ಹೊಗಳಿದ್ದೇನೆ. ಅಜ್ಜ ತೀರಿಕೊಂಡು ಒಂಬತ್ತು ವರ್ಷವಾಗಿತ್ತಂತೆ.

ಇನ್ನು ನಾಲಿಗೆಯ ವಿಷಯ. 41ಕ್ಕೆ ತಿರುಗುತ್ತದೆಯೇ ಎಂದು ಕೇಳಿದ್ದೀರಿ. ಅಲ್ಲಿಯೇ ಹುಟ್ಟಿದವರ ಹಾಗೆ ಮಾತನಾಡುವಿರಾ ಎಂದರೆ, ಇಲ್ಲ, ನಾನೂ ಮಾತನಾಡುವುದಿಲ್ಲ. ಕೇಳಿದವರಿಗೆ ತೊಡಕಿಲ್ಲದೆ ತಿಳಿಯುತ್ತದೆಯೇ ಎಂದರೆ, ಖಂಡಿತ. ಅದರಲ್ಲೂ ಕನ್ನಡಿಗರಿಗೆ ಕೆಲವು ಸೌಲಭ್ಯಗಳು ಪುಕ್ಕಟೆಯಾಗಿ ಸಿಕ್ಕಿವೆ. ಅಲ್ಲಿನ ‘ತ’, ‘ದ’ ನಮ್ಮವೇ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಇಂಗ್ಲಿಷಿನ ಅಭ್ಯಾಸದಿಂದ ‘ಟ’, ‘ಡ’ ಮಾಡುವುದನ್ನು ಬಿಟ್ಟರೆ ಸಾಕು. ಎನ್ ಮತ್ತು ಎಚ್ ಸೇರಿದರೆ ಬರುವ ಧ್ವನಿ ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ‘ಞ’. ದ್ರಾಕ್ಷಾರಸ ‘ವೀಞು’. ಎಲ್ ಮತ್ತು ಎಚ್ ಸೇರಿದರೆ ‘ಲ್ಯ’ಕ್ಕೆ ಹತ್ತಿರದ್ದು.

‘ರ’ ಎರಡಿದೆ. ಎರಡು ಸ್ವರಗಳ ನಡುವಿನ ಒಂಟಿ ‘ರ’ ನಮ್ಮದೇ. ಪದದ ಆರಂಭದಲ್ಲಿ ಬಂದದ್ದು, ಜೋಡಿಯಾಗಿ ಬಂದದ್ದು ಗಂಟಲಿನದು, ಗಂಟಲು ತೊಳೆಯುವಾಗ ಬರುವ ಸದ್ದಿನ ಸೌಮ್ಯ ರೂಪ. ‘ಕಾರು’ ಎಂದು ಒಂಟಿ ‘ರ’ ಹಾಕಿದರೆ ‘ದುಬಾರಿ’, ಗಂಟಲಿನ ‘ರ’ ಹಾಕಿದರೆ ಓಡಿಸುವ ಕಾರು. ಹಳಗನ್ನಡದಲ್ಲಿ ‘ಅರಿ’ ಎಂದರೆ ಶತ್ರು, ‘ಅಱಿ’ ಎಂದರೆ ತಿಳಿ. ಆ ಎರಡನೇ ‘ಱ’ವನ್ನು ಕಳೆದುಕೊಂಡವರು ನಾವು, ಅವರು ಉಳಿಸಿಕೊಂಡಿದ್ದಾರೆ ಎಂದುಕೊಳ್ಳಿ. ಗಂಟಲಿನದು ಬಾರದಿದ್ದರೆ ನಾಲಿಗೆಯನ್ನು ‘ರ್‍ರ್‍ರ’ ಎಂದು ಆಡಿಸಿ. ಪೋರ್ಚುಗಲ್‌ನ ಹಳ್ಳಿಗಳಲ್ಲಿ, ಅದರಲ್ಲೂ ಉತ್ತರದಲ್ಲಿ, ಹಿರಿಯರು ಇಂದಿಗೂ ಹಾಗೆಯೇ ಹೇಳುತ್ತಾರೆ. ತಪ್ಪಾಗುವುದು ಎರಡಕ್ಕೂ ಒಂದೇ ‘ರ’ ಬಳಸಿದಾಗ ಮಾತ್ರ.

ಮೂಗಿನ ಸ್ವರಗಳಲ್ಲಿ ನಮ್ಮವರು ಸಾಲಾಗಿ ಎಡವುತ್ತಾರೆ. ಹೌದು ಎನ್ನಲು ‘ಸೀಂ’, ಒಂದು ಎನ್ನಲು ‘ಉಂ’. ಅಲ್ಲಿ ಬರೆದಿರುವ ಎಮ್ ಅಕ್ಷರವನ್ನು ನೋಡಿ ನಾವು ತುಟಿ ಮುಚ್ಚಿ ‘ಸಿಮ್’, ‘ಉಮ್’ ಎನ್ನುತ್ತೇವೆ. ಕನ್ನಡದ ಅನುಸ್ವಾರ ಪದದ ಕೊನೆಯಲ್ಲಿ ‘ಮ್’ ಆಗುವುದೇ ಇದಕ್ಕೆ ಕಾರಣ. ಆದರೆ ಫೋನಿನಲ್ಲಿ ಯಾರದೋ ಉದ್ದದ ಪುರಾಣ ಕೇಳುತ್ತ ನೀವು ‘ಹಾಂ... ಹೂಂ...’ ಎನ್ನುತ್ತೀರಲ್ಲ, ಆಗ ತುಟಿ ಮುಚ್ಚುತ್ತದೆಯೇ? ಇಲ್ಲ. ಸ್ವರ ಬಾಯಲ್ಲೂ ಮೂಗಲ್ಲೂ ಒಟ್ಟಿಗೆ ಹೊರಡುತ್ತದೆ. ಅದೇ ‘ಹೂಂ’ನ ಬಿಂದುವನ್ನು ‘ಸೀಂ’ಗೆ ಹಚ್ಚಿ. ಇಲ್ಲ ಎನ್ನಲು ‘ನಂವ್’, ಬ್ರೆಡ್ಡಿಗೆ ‘ಪಂವ್’, ಕೈಗೆ ‘ಮಂವ್’. ಪಾವ್‌ಭಾಜಿಯ ಪಾವ್ ಈ ‘ಪಂವ್’ನಿಂದಲೇ ಬಂದದ್ದು, ಬರುವ ದಾರಿಯಲ್ಲಿ ಮೂಗನ್ನು ಕಳೆದುಕೊಂಡಿತು ಅಷ್ಟೇ.

ಪದದ ಕೊನೆಯ ‘ಸ’ ಪೋರ್ಚುಗಲ್‌ನಲ್ಲಿ ‘ಶ’. ಮುಂದಿನ ಪದ ಸ್ವರದಿಂದ ಶುರುವಾದರೆ ಅದೇ ‘ಸ’ ಜೇನ್ನೊಣದ ‘ಜ಼’ ಆಗಿ ಆ ಪದಕ್ಕೆ ಅಂಟಿಕೊಳ್ಳುತ್ತದೆ. ಸ್ನೇಹಿತರು ಎಂಬರ್ಥದ ‘ಉಶ್’ ಮತ್ತು ‘ಅಮೀಗುಶ್’ ಸೇರಿ ‘ಉಜ಼ಮೀಗುಶ್’. ಪದಗಳ ನಡುವೆ ಬೇಲಿಯಿಲ್ಲದ್ದು ಮೊದಮೊದಲು ಗಾಬರಿ ಹುಟ್ಟಿಸುತ್ತದೆ, ಆದರೆ ಸಂಧಿ ಕಲಿತು ಬೆಳೆದವರಿಗೆ ಇದೇನು ಹೊಸದಲ್ಲ.

ಈಗ ಪಕ್ಕದ ಮನೆಯ ಬಾಯಿಯ ಮಾತಿಗೆ ಬರೋಣ. ಕೊಂಕಣಿಯು ಮರಾಠಿಯ ಬಳಗದ ಭಾರತೀಯ ಭಾಷೆ. 1510ರಿಂದ 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಸಾಕಷ್ಟು ಪದಗಳು ಕೊಂಕಣಿಯೊಳಗೆ ಬಂದು ಕುಳಿತಿವೆ, ಆದರೆ ಅದರ ಕ್ರಿಯಾಪದವೂ ವಾಕ್ಯರಚನೆಯೂ ಅದರದೇ. ಕೊಂಕಣಿಯವರಿಗೆ ಮೂಗಿನ ಸ್ವರಗಳು ಸಲೀಸು, ಅಷ್ಟರ ಮಟ್ಟಿಗೆ ಬಾಯಿಯವರ ಮಾತು ನಿಜ. ಒಂದು ತಿಂಗಳಲ್ಲಿ ಬರುತ್ತದೆ ಎಂಬುದು ಪ್ರೀತಿಯ ಮಾತು. ಸ್ಪ್ಯಾನಿಷ್ ಈಗಾಗಲೇ ಬಲ್ಲವರಿಗೆ ಪೋರ್ಚುಗೀಸ್ ಓದುವುದು ಸುಲಭ, ಸರಿ. ಆದರೆ ಪೋರ್ಚುಗೀಸಿಗಾಗಿ ಸ್ಪ್ಯಾನಿಷ್ ಕಲಿಯುವುದು ಉಡುಪಿಗೆ ಹೊರಟವರು ಗೋಕರ್ಣ ಸುತ್ತಿ ಹೋದಂತೆ. ಸ್ಪ್ಯಾನಿಷಿನಲ್ಲಿ ಐದೇ ಸ್ವರಗಳು, ಎಲ್ಲವೂ ಸ್ಪಷ್ಟ. ನಿಮ್ಮ ಕಿವಿಗೆ ಬೇಕಾದ ತರಬೇತಿ ಅಲ್ಲಿ ಸಿಗುವುದೇ ಇಲ್ಲ.

ಹಾಗೆಂದು ನಂಟು ಇಲ್ಲವೆಂದಲ್ಲ. 16ನೇ ಶತಮಾನದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಪೋರ್ಚುಗೀಸರ ಕೋಟೆಗಳಿದ್ದವು. ನೇರವಾಗಿಯೋ, ಕೊಂಕಣಿ-ಮರಾಠಿಗಳ ಮೂಲಕವೋ ಅವರ ಪದಗಳು ನಿಮ್ಮ ಮನೆಯೊಳಕ್ಕೂ ಬಂದಿವೆ. ನಿಮ್ಮ ಲಿಂಗದ ತಲೆನೋವಿಗೆ ನಾನು ಕೊಡುವ ಮದ್ದು ಅವೇ. ‘ಅ’ ಎಂಬ ಪುಟ್ಟ ಪದ ಹಿಂದೆ ಬಂದರೆ ಸ್ತ್ರೀಲಿಂಗ, ‘ಉ’ ಬಂದರೆ ಪುಲ್ಲಿಂಗ. ಮೇಜು ‘ಅ ಮೇಜ಼’. ಜನೇಲು ‘ಅ ಝನೇಲ’. ಚಾವಿ ‘ಅ ಶಾವ್’. ಬಟಾಟೆ ‘ಅ ಬತಾತ’. ಇಗರ್ಜಿ ‘ಅ ಇಗ್ರೇಝ’. ಇನ್ನು ಗಂಡುಗಳ ಸಾಲು: ಅಲಮಾರು ‘ಉ ಅರ್ಮಾರಿಉ’, ಬಾಲ್ದಿ ‘ಉ ಬಾಲ್ದ್’, ಅನಾನಸು ‘ಉ ಅನನಾಶ್’, ತಂಬಾಕು ‘ಉ ತಬಾಕು’, ಲಿಲಾವು ‘ಉ ಲಯ್ಲಂವ್’. ಇಲ್ಲಿ ‘ಝ’ ಎಂದು ಬರೆದಿರುವುದು ಮಹಾಪ್ರಾಣವಲ್ಲ. ‘ಶ’ ಎನ್ನುತ್ತಲೇ ಗಂಟಲನ್ನು ಗುಂಯ್‌ಗುಡಿಸಿದರೆ ಬರುವ ಧ್ವನಿ.

ಚಾವಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರು ಈಗ ‘ಶಾವ್’ ಎನ್ನುವಾಗ ನಾವೇಕೆ ‘ಚಾವಿ’ ಎನ್ನುತ್ತೇವೆ? ನಾವು ಕೆಡಿಸಿದ್ದಲ್ಲ. ಆ ಪದ ಕರಾವಳಿಗೆ ಬಂದ ಕಾಲದಲ್ಲಿ ಅವರೂ ‘ಚ’ ಎಂದೇ ಹೇಳುತ್ತಿದ್ದರು. ಆಮೇಲೆ ಲಿಸ್ಬನ್‌ನ ಬಾಯಿ ‘ಶ’ಕ್ಕೆ ಹೊರಳಿತು, ಉತ್ತರದ ಕೆಲವು ಹಳ್ಳಿಗಳಲ್ಲಿ ಹಳೆಯ ‘ಚ’ ಇನ್ನೂ ಉಳಿದಿದೆ, ನಮ್ಮಲ್ಲೂ ಉಳಿದಿದೆ.

ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ಬರುತ್ತದೆ. ಮೇಜು ನಪುಂಸಕ, ಮುಗಿಯಿತು. ಪೋರ್ಚುಗೀಸಿನಲ್ಲಿ ನಪುಂಸಕವಿಲ್ಲ. ಮೇಜು ಹೆಣ್ಣೇಕೆ ಎಂದು ಯೋಚಿಸಬೇಡಿ, ಅದಕ್ಕೆ ಉತ್ತರವಿಲ್ಲ. ಲಿಂಗ ಇರುವುದು ವಸ್ತುವಿಗಲ್ಲ, ಪದಕ್ಕೆ. ‘ಅ’ದಲ್ಲಿ ಮುಗಿದವು ಹೆಚ್ಚಾಗಿ ಸ್ತ್ರೀಲಿಂಗ, ‘ಒ’ದಲ್ಲಿ ಮುಗಿದವು ಪುಲ್ಲಿಂಗ. ತಪ್ಪಿಸಿಕೊಳ್ಳುವವೂ ಇವೆ: ದಿನ ‘ಉ ದೀಅ’, ಸಮಸ್ಯೆ ‘ಉ ಪ್ರುಬ್ಲೇಮ’, ಕೈ ‘ಅ ಮಂವ್’. ಆದ್ದರಿಂದ ಪದವನ್ನು ಒಂಟಿಯಾಗಿ ಕಲಿಯಬೇಡಿ, ‘ಅ’ ಅಥವಾ ‘ಉ’ ಸೇರಿಸಿಯೇ ಬಾಯಿಗೆ ಹಾಕಿಕೊಳ್ಳಿ. ತಪ್ಪಿದರೆ ಯಾರೂ ನಗುವುದಿಲ್ಲ. ಒಂದು ಕಡೆ ಮಾತ್ರ ತಪ್ಪಬೇಡಿ. ಧನ್ಯವಾದ ಹೇಳುವಾಗ ನೀವು ಹೆಣ್ಣಾದ್ದರಿಂದ ‘ಒಬ್ರಿಗಾದ’, ನಿಮ್ಮ ಯಜಮಾನರು ‘ಒಬ್ರಿಗಾದು’. ಎದುರಿಗಿರುವವರು ಯಾರೆಂಬುದು ಲೆಕ್ಕಕ್ಕಿಲ್ಲ. ಇದನ್ನು ಎಷ್ಟೋ ಮಂದಿ ತಿರುಗಾಮುರುಗಾ ಕಲಿತಿರುತ್ತಾರೆ.

ಊರುಗಳಲ್ಲೂ ಈ ‘ಅ’, ‘ಉ’ ಕಾಟ ಇದೆ. ಪೋರ್ತು ಎಂದರೆ ಬಂದರು, ಹಾಗಾಗಿ ಅದಕ್ಕೆ ‘ಉ’ ಸೇರುತ್ತದೆ. ಲಿಸ್ಬನ್‌ಗೆ ಏನೂ ಇಲ್ಲ. ‘ಅಲ್ಲಿ’ ಎಂಬರ್ಥದ ‘ಎಂ’ ಜೊತೆ ‘ಉ’ ಕೂಡಿದರೆ ‘ನು’, ‘ಅ’ ಕೂಡಿದರೆ ‘ನ’. ಪೋರ್ಟೊದಲ್ಲಿ ಎನ್ನಲು ‘ನು ಪೋರ್ತು’, ಭಾರತದಲ್ಲಿ ಎನ್ನಲು ‘ನ ಇಂದಿಅ’, ಪೋರ್ಚುಗಲ್‌ನಲ್ಲಿ ಎನ್ನಲು ಬರೀ ‘ಎಂ ಪುರ್ತುಗಾಲ್’. ‘ಇಂದ’ ಎಂಬರ್ಥದ ‘ದ್’ ಮತ್ತು ‘ಉ’ ಸೇರಿ ‘ದು’ ಆಗುವುದು ನಮ್ಮ ಲೋಪಸಂಧಿಯ ಅಣ್ಣತಮ್ಮನೇ.

‘ಇರು’ ಎಂಬುದಕ್ಕಿರುವ ಎರಡು ಕ್ರಿಯಾಪದಗಳು, ಸೇರ್ ಮತ್ತು ಶ್ತಾರ್. ಆ್ಯಪ್‌ಗಳೂ ಪುಸ್ತಕಗಳೂ ‘ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಶ್ತಾರ್’ ಎಂದು ಬಾಯಿಪಾಠ ಮಾಡಿಸುತ್ತವೆ. ಇದು ಅರೆಬರೆ ಸತ್ಯ. ‘ಅವನು ಸತ್ತಿದ್ದಾನೆ’ ಎನ್ನಲು ‘ಶ್ತಾ ಮೋರ್ತು’, ಅಂದರೆ ಶ್ತಾರ್. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಎರಡೇ ವರ್ಷದ ವಿದ್ಯಾರ್ಥಿ ಜೀವನಕ್ಕೆ ಮತ್ತೆ ಸೇರ್! ನಾನು ಕನ್ನಡಿಗರಿಗೆ ಬೇರೆ ದಾರಿ ಹೇಳಿಕೊಡುತ್ತೇನೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಕ್ರಿಯಾಪದವೇ ಬೇಡವಾದರೆ ಸೇರ್. ‘ನಾನು ಭಾರತದವಳು’, ‘ನಾನು ಲೆಕ್ಕಿಗಳು’, ‘ಇದು ಮೇಜು’, ಇವೆಲ್ಲ ಸೇರ್: ‘ಸೋ ದ ಇಂದಿಅ’, ‘ಸೋ ಕೊಂತಬಿಲೀಶ್ತ’. ‘ಇದ್ದಾಳೆ’, ‘ಇದೆ’ ಎನ್ನದೆ ವಾಕ್ಯ ನಿಲ್ಲದಿದ್ದರೆ ಶ್ತಾರ್. ‘ಅವಳು ಮನೆಯಲ್ಲಿದ್ದಾಳೆ’, ‘ಕಾಫಿ ಬಿಸಿಯಾಗಿದೆ’: ‘ಉ ಕಫೆ ಶ್ತಾ ಕೆಂತ್’. ಹತ್ತರಲ್ಲಿ ಏಳೆಂಟು ಸಲ ಇದು ನಿಮ್ಮನ್ನು ದಡ ಸೇರಿಸುತ್ತದೆ. ಸೋಲುವ ಜಾಗವನ್ನೂ ಹೇಳಿಬಿಡುತ್ತೇನೆ. ‘ಅವನು ಎತ್ತರವಾಗಿದ್ದಾನೆ’ ಎನ್ನುವಾಗ ಕನ್ನಡ ‘ಇದ್ದಾನೆ’ ಎಂದರೂ ಅಲ್ಲಿ ಸೇರ್, ಏಕೆಂದರೆ ಎತ್ತರ ಅವನ ಗುಣ, ಸ್ಥಿತಿಯಲ್ಲ. ಕಟ್ಟಡ, ನಿಲ್ದಾಣ ಎಲ್ಲಿದೆ ಎಂದು ಕೇಳಲು ಇವೆರಡರ ಗೊಡವೆಯೇ ಬೇಡ. ‘ಫೀಕ’ ಎಂಬ ಮೂರನೆಯದು ಇದೆ, ‘ಓಂದ್ ಫೀಕ ಅ ಶ್ತಸಂವ್?’ ಎಂದರೆ ನಿಲ್ದಾಣ ಎಲ್ಲಿದೆ ಎಂದಾಯಿತು.

ನಮಗೆ ನಿಜವಾಗಿ ತಿರುಗುಮುರುಗು ಆಗುವುದು ‘ನನಗೆ’ಯಿಂದ ಶುರುವಾಗುವ ವಾಕ್ಯಗಳಲ್ಲಿ. ನಮಗೆ ಹಸಿವಾಗುತ್ತದೆ, ವಯಸ್ಸಾಗುತ್ತದೆ, ಕಾಫಿ ಇಷ್ಟವಾಗುತ್ತದೆ. ಅಲ್ಲಿ ನೀವೇ ಮುಂದಾಳು. ಹಸಿವನ್ನು ಹೊಂದುತ್ತೀರಿ: ‘ತೆಞು ಫೋಮ್’. ವರ್ಷಗಳನ್ನೂ ಹೊಂದುತ್ತೀರಿ.

ಬೇರೆಡೆ ಕನ್ನಡ ನಿಮ್ಮ ಕೈ ಹಿಡಿಯುತ್ತದೆ, ಇಂಗ್ಲಿಷ್ ಮೂಲಕ ಕಲಿಯುವುದರಿಂದ ನಿಮಗೆ ಅದು ಕಾಣುತ್ತಿಲ್ಲ. ‘ಬಂದೆ’ ಎಂದರೆ ಸಾಕು, ‘ನಾನು’ ಬೇಡ. ಅಲ್ಲೂ ಹಾಗೆಯೇ. ‘ಫಾಲು’ ಎಂದರೆ ಮಾತನಾಡುತ್ತೇನೆ, ‘ಫಾಲ’ ಎಂದರೆ ಮಾತನಾಡುತ್ತಾನೆ ಅಥವಾ ಮಾತನಾಡುತ್ತಾಳೆ, ‘ಫಲಮುಶ್’ ಎಂದರೆ ಮಾತನಾಡುತ್ತೇವೆ. ಇನ್ನೊಂದು ನನಗೆ ಬಲು ಇಷ್ಟ. ‘ಹಾಲು ಇದೆಯೇ?’ ಎಂದು ಕೇಳಿದರೆ ನಾವು ‘ಹೌದು’ ಎನ್ನುವುದಿಲ್ಲ, ‘ಇದೆ’ ಎನ್ನುತ್ತೇವೆ. ಅವರೂ ಕ್ರಿಯಾಪದವನ್ನೇ ತಿರುಗಿಸಿ ಕೊಡುತ್ತಾರೆ. ‘ಫಾಲ ಇಂಗ್ಲೇಶ್?’ ಎಂದು ಕೇಳಿದರೆ ಉತ್ತರ ‘ಫಾಲು’. ಎಲ್ಲದಕ್ಕೂ ‘ಸೀಂ, ಸೀಂ’ ಎನ್ನುವವರು ಹೊರಗಿನವರೆಂದು ತಕ್ಷಣ ಗೊತ್ತಾಗುತ್ತದೆ.

ಮರ್ಯಾದೆಯ ವಿಷಯದಲ್ಲಿ ನಿಮ್ಮ ಆ್ಯಪ್ ನಿಮಗೆ ತೊಂದರೆ ತಂದಿಟ್ಟಿದೆ. ಅದು ಎಲ್ಲರಿಗೂ ‘ವೊಸೇ’ ಎನ್ನಲು ಕಲಿಸಿರುತ್ತದೆ. ಬ್ರೆಜಿಲ್‌ನ ಬಹುಪಾಲು ಕಡೆ ಅದು ಸಹಜ. ಪೋರ್ಚುಗಲ್‌ನಲ್ಲಿ ‘ತು’ ಎಂದರೆ ನಮ್ಮ ‘ನೀನು’. ‘ವೊಸೇ’ ಮಾತ್ರ ನಮ್ಮ ‘ನೀವು’ ಅಲ್ಲ, ಎಷ್ಟೋ ಮಂದಿಯ ಕಿವಿಗೆ ಅದು ಒರಟು. ಹಾಗಾದರೆ ಗೌರವ ಹೇಗೆ? ಸರ್ವನಾಮವನ್ನೇ ಬಿಟ್ಟು ಪ್ರಥಮಪುರುಷದ ಕ್ರಿಯಾಪದ ಬಳಸುತ್ತಾರೆ, ಇಲ್ಲವೇ ‘ಉ ಸ್ಞೋರ್’, ‘ಅ ಸ್ಞೋರ’ ಎನ್ನುತ್ತಾರೆ. ಎದುರಿಗೇ ನಿಂತ ಹಿರಿಯರನ್ನು ನಮ್ಮಲ್ಲಿ ‘ರಾಯರು ಯಾವಾಗ ಬಂದದ್ದು?’ ಎಂದು ಮೂರನೆಯವರಂತೆ ವಿಚಾರಿಸುವ ರೂಢಿ ಇತ್ತಲ್ಲ, ಅದೇ ಧಾಟಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಮುಂದೇನು ಮಾಡುವುದು. ಬ್ರೆಜಿಲ್‌ನದನ್ನೇ ಮುಂದುವರಿಸಬಹುದು. ನೀವು ಹೇಳಿದ್ದು ಪೋರ್ಟೊದಲ್ಲಿ ಎಲ್ಲರಿಗೂ ತಿಳಿಯುತ್ತದೆ, ಏಕೆಂದರೆ 1977ರಿಂದ ಬ್ರೆಜಿಲ್‌ನ ಧಾರಾವಾಹಿಗಳು ಆ ದೇಶದ ಮನೆಮನೆಯಲ್ಲೂ ಓಡಿವೆ. ತೊಂದರೆ ಇರುವುದು ಎದುರು ದಿಕ್ಕಿನಲ್ಲಿ. ಅವರು ಹೇಳಿದ್ದು ನಿಮಗೆ ತಿಳಿಯುವುದಿಲ್ಲ. ಮುಂದೆ ಎಂದಾದರೂ ಪೌರತ್ವಕ್ಕೆ ಅರ್ಜಿ ಹಾಕುವುದಾದರೆ ಎ2 ಮಟ್ಟದ, ಅಂದರೆ ದಿನಬಳಕೆಯ ಸರಳ ಮಾತಿಗೆ ಸಾಕಾಗುವಷ್ಟು, ಭಾಷೆ ತೋರಿಸಬೇಕು. ಅದಕ್ಕಾಗಿ ಹೆಚ್ಚಿನವರು ಬರೆಯುವ ಸಿಪ್ಲೆ ಪರೀಕ್ಷೆಯಲ್ಲಿ ನೂರಕ್ಕೆ 30 ಅಂಕ ಕೇಳಿ ತಿಳಿಯುವುದಕ್ಕೇ ಮೀಸಲು, 25 ಅಂಕ ಮಾತಿಗೆ. ಅಲ್ಲಿ ಕೇಳಿಸುವುದು ಲಿಸ್ಬನ್‌ನ ಬಾಯಿ.

ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರು ಮಾಡುವುದು ಎರಡನೆಯ ದಾರಿ. ಬೇಡ. ನಾಲ್ಕು ತಿಂಗಳಲ್ಲಿ ನೀವು ಕಲಿತ ಲಿಂಗ, ಕಾಲ, ಪದಸಂಪತ್ತು ಬಹುತೇಕ ಎರಡೂ ಕಡೆ ಒಂದೇ. ಮೊದಲ ಪಾಠದಿಂದ ಮತ್ತೆ ಕೂತರೆ ಬೇಸರ ಹತ್ತಿ ಮೂರನೇ ವಾರಕ್ಕೆ ಕೈಬಿಡುತ್ತೀರಿ, ಅದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಹೇಳುವುದು ಇದು: ಆ್ಯಪ್‌ಗೆ ರಜೆ ಕೊಡಿ. ಮೂರು ವಾರ ಹೊಸ ವ್ಯಾಕರಣವಿಲ್ಲ, ಆ ಕೆಂಪು ಪೆನ್ಸಿಲಿನ ಅಭ್ಯಾಸ ಮಾತ್ರ. ಪೋರ್ಚುಗಲ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಪಿಯ ರೇಡಿಯೊ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಅಡುಗೆ ಮಾಡುವಾಗ ಹಾಕಿಕೊಳ್ಳಿ. ಆಮೇಲೆ ಆ ಲಿಸ್ಬನ್ ಶಿಕ್ಷಕಿಯ ಬಳಿಗೇ ವಾರಕ್ಕೆರಡು ಸಲ ಹೋಗಿ. ಅಲ್ಲಿಗೆ ಹೋದ ಮೇಲೆ ವಲಸಿಗರಿಗೆಂದೇ ಸರ್ಕಾರ ನಡೆಸುವ ಉಚಿತ ಭಾಷಾ ತರಗತಿಗಳಿವೆ, ಹೆಸರು ನೋಂದಾಯಿಸಿ. ಈ ದಾರಿಯ ಅಪಾಯವೆಂದರೆ ಒಂದೆರಡು ತಿಂಗಳು ನಿಮ್ಮ ಮಾತು ಕಲಸುಮೇಲೋಗರವಾಗಿರುತ್ತದೆ. ‘ಕಲಿಯುತ್ತಿದ್ದೇನೆ’ ಎನ್ನಲು ಒಮ್ಮೆ ಬ್ರೆಜಿಲ್‌ನ ‘ಇಸ್ತೋ ಅಪ್ರೆಂದೆಂದು’, ಒಮ್ಮೆ ಪೋರ್ಚುಗಲ್‌ನ ‘ಶ್ತೋ ಅ ಅಪ್ರೆಂದೇರ್’ ಬರುತ್ತದೆ. ಬರಲಿ ಬಿಡಿ.

ಕೆಲವು ಪದಗಳನ್ನು ಮಾತ್ರ ಈಗಲೇ ಬದಲಿಸಿಕೊಳ್ಳಿ. ಬಸ್ಸಿಗೆ ಅಲ್ಲಿ ‘ಔತೊಕಾರು’, ಅದರಲ್ಲಿ ಗಂಟಲಿನ ‘ರ’. ರೈಲಿಗೆ ‘ಕೊಂಬೋಯು’, ಮೊಬೈಲಿಗೆ ‘ತ್ಲೆಮೋವೆಲ್’. ನಿಮ್ಮ ಆ್ಯಪ್ ಶೌಚಾಲಯಕ್ಕೆ ‘ಬಞೇಯ್ರು’ ಎಂದು ಕಲಿಸಿದೆ. ಪೋರ್ಚುಗಲ್‌ನಲ್ಲಿ ಅದು ಸಮುದ್ರತೀರದಲ್ಲಿ ಮುಳುಗುವವರನ್ನು ಕಾಯುವವನು. ಶೌಚಾಲಯಕ್ಕೆ ‘ಕಾಜ಼ ದ್ ಬಞು’ ಎನ್ನಿ. ಲೆಕ್ಕಪತ್ರದವರಾದ್ದರಿಂದ ಇದೊಂದು ವಿಶೇಷವಾಗಿ ನಿಮಗೆ: ‘ಪ್ರುಪೀನ’ ಎಂದರೆ ಪೋರ್ಚುಗಲ್‌ನಲ್ಲಿ ವಿಶ್ವವಿದ್ಯಾಲಯದ ಶುಲ್ಕ, ಬ್ರೆಜಿಲ್‌ನಲ್ಲಿ ಲಂಚ. ವಾರದ ದಿನಗಳಲ್ಲೂ ಎಚ್ಚರ. ಸೋಮವಾರದ ಹೆಸರು ‘ಎರಡನೆಯದು’, ಮಂಗಳವಾರ ‘ಮೂರನೆಯದು’, ಹೀಗೆ ಶುಕ್ರವಾರ ‘ಆರನೆಯದು’. ‘ಐದನೆಯದು’ ಎಂಬರ್ಥದ ‘ಕೀಂತ’ಕ್ಕೆ ಬನ್ನಿ ಎಂದ ಕಚೇರಿಗೆ ಸೋಮವಾರದಿಂದ ಎಣಿಸಿಕೊಂಡು ಶುಕ್ರವಾರ ಹೋಗಬೇಡಿ. ಅವರು ಗುರುವಾರವೇ ಕಾದಿರುತ್ತಾರೆ.

ಮನೆ ಮಾಲೀಕರ ಫೋನು. ಅಲ್ಲಿ ಫೋನ್ ಎತ್ತಿಕೊಂಡವರು ‘ಶ್ತೋ?’ ಎನ್ನುತ್ತಾರೆ, ಅಂದರೆ ‘ಇದ್ದೇನೆ’. ಎಷ್ಟೋ ಸಲ ಬರೀ ‘ತೋ?’ ಎಂದಷ್ಟೇ ಕೇಳಿಸುತ್ತದೆ. ನೀವೂ ಹಾಗೆಯೇ ಶುರು ಮಾಡಿ, ‘ಬೋಂ ದೀಅ’ ಎನ್ನಿ, ಮಧ್ಯಾಹ್ನ ಕಳೆದಿದ್ದರೆ ‘ಬೋಅ ತಾರ್ದ್’. ಅವರ ಮೊದಲ ವಾಕ್ಯ ತಿಳಿಯುವುದಿಲ್ಲ, ಅದಕ್ಕೆ ಸಿದ್ಧರಾಗಿಯೇ ಇರಿ. ಆಗ ಹೇಳಬೇಕಾದದ್ದು ಒಂದೇ ವಾಕ್ಯ, ಕಾಗದದ ಮೇಲೆ ಬರೆದು ಎದುರಿಗಿಟ್ಟುಕೊಳ್ಳಿ: ‘ಪೋದ್ ಫಲಾರ್ ಮಾಯ್‌ಝ್ ದ್‌ವಗಾರ್, ಸ್ ಫಾಶ್ ಫವೋರ್?’ ದಯವಿಟ್ಟು ಇನ್ನೂ ನಿಧಾನವಾಗಿ ಮಾತನಾಡುತ್ತೀರಾ ಎಂದು. ಅವರು ಹಳೆಯ ಕಾಲದ ಪೋರ್ಟೊದವರಾದರೆ ಅದನ್ನೇ ‘ದ್‌ಬಗಾರ್’ ಎಂದು ತಿರುಗಿಸಿ ಹೇಳಿಯಾರು. ಆ ಕಡೆ ‘ವ’ ಹೆಚ್ಚಾಗಿ ‘ಬ’ ಆಗುತ್ತದೆ, ‘ವೀಞು’ವೂ ‘ಬೀಞು’. ಗಾಬರಿಯಾಗಬೇಡಿ, ನಮ್ಮಲ್ಲಿ ವನ ಬನವಾಗಲಿಲ್ಲವೇ, ಹಾಗೆ.